ಪೀಠಿಕೆಗೆ ಮುಂಚಿನ ಆರತಿ

ನಮ್ಮೂರ ಸರ್ಕಾರಿ ಶಾಲೆಯಲ್ಲಿ ಬಾವುಟ ಏರಿಸುವ ಮೊದಲು ಧ್ವಜಕಂಬಕ್ಕೆ ಅರಿಶಿನ ಕುಂಕುಮ ಹಚ್ಚಿ, ಬುಡದಲ್ಲಿ ಕಾಯಿ ಒಡೆಯುತ್ತಾರೆ. ಪಕ್ಕದ ಮೇಜಿನ ಮೇಲೆ ಭಾರತಮಾತೆಯ ಪಟ, ಅದರ ಬದಿಗೆ ಸಂವಿಧಾನ ಬರೆದವರ ಪಟ. ಇಬ್ಬರ ಹಣೆಗೂ ಕುಂಕುಮ, ಮುಂದೆ ಊದುಬತ್ತಿ. ಕೋಟು ಹಾಕಿ ಕೂತ ಆ ಮಹಾನುಭಾವರು ಹೊಗೆಯೊಳಗಿಂದ ನಮ್ಮನ್ನು ನೋಡುತ್ತಿರುತ್ತಾರೆ.

ನಮ್ಮದು ಬೌದ್ಧರ ಮನೆ. ಅಪ್ಪ ದೀಕ್ಷೆ ತೆಗೆದುಕೊಂಡ ಮೇಲೆ ನಮ್ಮಲ್ಲಿ ಆರತಿ, ಕುಂಕುಮ ಎಲ್ಲ ನಿಂತುಹೋದವು. ನಾನು ಭಾರತೀನಗರದ ಕಾಲೇಜೊಂದರಲ್ಲಿ ಗುಮಾಸ್ತ. ಮಗಳು ಊರ ಶಾಲೆಯಲ್ಲಿ ಏಳನೇ ತರಗತಿ. ಕಂಠ ಚೆನ್ನಾಗಿದೆ ಎಂದು ಸ್ವಾತಂತ್ರ್ಯ ದಿನಕ್ಕೆ ಸಂವಿಧಾನದ ಪೀಠಿಕೆ ಓದಲು ಅವಳನ್ನೇ ಆರಿಸಿದರು. ಪಾತ್ರೆ ತೊಳೆಯುವಾಗ, ತಲೆ ಬಾಚುವಾಗ ಅದೇ ಬಾಯಿಪಾಠ. ಅರ್ಥವಾಗದಿದ್ದರೂ ಅವಳಜ್ಜಿ ತಲೆದೂಗುತ್ತಿದ್ದಳು.

ಆಮೇಲೆ ಗೊತ್ತಾಯಿತು. ಪೀಠಿಕೆ ಓದುವ ಹುಡುಗಿಯೇ ಮೊದಲು ಪಟಗಳಿಗೆ ಆರತಿ ಎತ್ತಬೇಕು, ಅದು ಆ ಶಾಲೆಯ ರೂಢಿಯಂತೆ. ನನಗೆ ತಲೆ ಕೆಟ್ಟಿತು. ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರು ಕೆಟ್ಟವರಲ್ಲ, ಕೂರಿಸಿ ಟೀ ತರಿಸಿದರು.

“ಇದ್ರಲ್ಲಿ ದೇವ್ರು ಎಲ್ಲವ್ನೆ ಸಾರ್? ಇದು ದೇಸದ ಪೂಜೆ.”

“ದೇಸಕ್ಕೆ ಊದುಬತ್ತಿ ಯಾಕ್ ಸಾರ್? ಆರತಿ ಬೇರೆ ಮಕ್ಳು ಎತ್ಲಿ, ನಮ್ಮುಡ್ಗಿ ಓದ್ಲಿ. ಅಷ್ಟೇ ನಾ ಕೇಳ್ತಿರೋದು.”

ಅವರು ಕಿಟಕಿಯ ಕಡೆ ನೋಡಿದರು. “ಊರವ್ರು ಕೇಳುದ್ರೆ ನಾನೇನೇಳ್ಲಿ? ಆಯ್ತು ಬುಡಿ, ಏನಾರ ಮಾಡನ.”

ಮಾಡಿದರು. ಆರತಿಯನ್ನೂ ಪೀಠಿಕೆಯನ್ನೂ ಒಟ್ಟಿಗೇ ಬೇರೊಬ್ಬ ಹುಡುಗಿಗೆ ಕೊಟ್ಟು ಕೈ ತೊಳೆದುಕೊಂಡರು. ಯಾರೂ ನಮ್ಮನ್ನು ಬೈಯಲಿಲ್ಲ, ಮುಖ ತಿರುಗಿಸಲಿಲ್ಲ. ಸ್ವಾತಂತ್ರ್ಯ ದಿನ ಕಾಯಿಚೂರು, ಲಾಡು ನಮಗೂ ಸಿಕ್ಕಿದವು. ಆ ಹುಡುಗಿ ಓದುವಾಗ ಮಗಳು ಸಾಲಿನಲ್ಲಿ ನಿಂತು ತುಟಿ ಅಲ್ಲಾಡಿಸುತ್ತಿದ್ದಳು. ಪೀಠಿಕೆ ಪೂರ್ತಿ ತನ್ನಷ್ಟಕ್ಕೆ ಹೇಳಿಕೊಂಡು ಮುಗಿಸಿದ್ದನ್ನು ಕಾಂಪೌಂಡಿನ ಪಕ್ಕದಿಂದ ನೋಡಿದೆ.

ಮೇಲಿನವರಿಗೆ ದೂರು ಕೊಡು ಎಂದರು ಗೆಳೆಯರು. ಕೊಡಬಹುದಿತ್ತು. ಆದರೆ ಮಾರನೆಯ ದಿನ ಅದೇ ಬೆಂಚಿನಲ್ಲಿ ಹೋಗಿ ಕೂರಬೇಕಾದವಳು ಅವಳು, ನಾನಲ್ಲ.

ಗಣರಾಜ್ಯೋತ್ಸವದ ಬೆಳಿಗ್ಗೆ ಏನೂ ಹೇಳದೆ ಬೇಗ ಹೊರಟಳು. ನಾನು ಹೋಗುವಷ್ಟರಲ್ಲಿ ಮೇಜಿನ ಮುಂದೆ ತಟ್ಟೆ ಹಿಡಿದು ನಿಂತಿದ್ದಳು, ಹಣೆಯಲ್ಲಿ ಕುಂಕುಮ. ಎರಡೂ ಪಟಕ್ಕೆ ಆರತಿ ಎತ್ತಿದಳು. ಆಮೇಲೆ ಓದಿದಳು. ಅಷ್ಟು ಚೆನ್ನಾಗಿ ಆ ಶಾಲೆಯಲ್ಲಿ ಯಾರೂ ಓದಿದ್ದನ್ನು ನಾನು ಕೇಳಿಲ್ಲ. ಮುಖ್ಯೋಪಾಧ್ಯಾಯರು ನನ್ನ ಕಡೆ ತಿರುಗಿ ನಕ್ಕರು, ನಿಜವಾದ ಸಂತೋಷದಿಂದಲೇ.

ಎಲ್ಲ ಮುಗಿದ ಮೇಲೆ ಅಜ್ಜಿಯ ಕಣ್ಣಿಗೆ ಬೀಳಬಾರದೆಂದು ನಲ್ಲಿಯ ಹತ್ತಿರ ಹಣೆ ತಿಕ್ಕಿ ತಿಕ್ಕಿ ತೊಳೆದುಕೊಂಡಳು. ಕೆಂಪು ಪೂರ್ತಿ ಹೋಗಲಿಲ್ಲ.

“ನಾನೇನಾರ ಅಂದ್ನೇನವ್ವ?” ಎಂದೆ.

“ಇಲ್ಲ. ಇನ್ಮೇಲೆ ನೀನು ಸ್ಕೂಲ್ ತಾವ್ಕೆ ಬರ್ಬೇಡ ಕಣಪ್ಪ,” ಎಂದಳು. “ನೀನು ಬಂದು ಕೇಳುದ್ರೆ ನಂಗೆ ಓದಕ್ಕೆ ಸಿಗಕ್ಕಿಲ್ಲ.”

ಇಬ್ಬರೂ ಬೈಕ್ ಹತ್ತಿದೆವು. ಮನೆ ಮುಟ್ಟುವವರೆಗೂ ಅವಳ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ.