ಮೊಣಕಾಲಿಗಾಗಿ ಒಂಬತ್ತು ಶುಕ್ರವಾರ

ಹೊಸದಾಗಿ ಸೇವೆಗೆ ಇಳಿದ ಪಾಸ್ಟರುಗಳ ಹೆಂಡತಿಯರು ಆಗಾಗ ನನಗೆ ಫೋನ್ ಮಾಡಿ, ‘ಒಂದು ಧೈರ್ಯದ ಮಾತು ಹೇಳಿ ಅಕ್ಕ’ ಅನ್ನುತ್ತಾರೆ. ಇಪ್ಪತ್ತೈದು ವರ್ಷ ಪಾಸ್ಟರಮ್ಮ ಅನ್ನಿಸಿಕೊಂಡವಳ ಹತ್ತಿರ ಅಂಥ ಮಾತು ಮೂಟೆಗಟ್ಟಲೆ ಇರುತ್ತದೆ ಅಂತ ಅವರ ನಂಬಿಕೆ. ನನ್ನ ಹತ್ತಿರ ಇರುವುದು ನನ್ನ ಮೊಣಕಾಲಿನ ವಿಷಯ ಒಂದೇ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನಾನು ಹುಟ್ಟಿನಿಂದ ಸಂಶಯದವಳಲ್ಲ. ಮದುವೆಯಾದ ಹೊಸದರಲ್ಲಿ ದೊಡ್ಡನೆಕ್ಕುಂದಿಯ ಸಭೆಯೊಂದರಲ್ಲಿದ್ದಾಗ, ನನಗೂ ಗಂಡನಿಗೂ ಮೂರು ದಿನದಿಂದ ಮಾತಿಲ್ಲ ಅಂತ ಹಿರಿಯ ಹೆಂಗಸೊಬ್ಬರ ಮುಂದೆ ಅತ್ತಿದ್ದೆ. ಪ್ರಾರ್ಥನೆ ಮಾಡುತ್ತೇನೆ ಅಂದರು. ಮಾಡಿಯೇಬಿಟ್ಟರು, ಭಾನುವಾರ, ಎಲ್ಲರ ಮುಂದೆ, ಗಟ್ಟಿ ದನಿಯಲ್ಲಿ. ಅವರು ಕಣ್ಣು ಮುಚ್ಚಿದ್ದರು, ಉಳಿದವರೆಲ್ಲ ಕಣ್ಣು ಬಿಟ್ಟು ನನ್ನನ್ನೇ ನೋಡಿದರು. ನಮ್ಮವರಲ್ಲಿ ಚಾಡಿ ಅಂತ ಯಾರೂ ಅನ್ನುವುದಿಲ್ಲ, ‘ಪ್ರಾರ್ಥನೆ ವಿಷಯ’ ಅನ್ನುತ್ತಾರೆ. ಅಂದಿನಿಂದ ಯಾರು ಕೇಳಿದರೂ ನನ್ನದು ಒಂದೇ ಉತ್ತರ: ‘ಎಲ್ಲಾ ಚೆನ್ನಾಗಿದೆ, ದೇವರಿಗೆ ಸ್ತೋತ್ರ.’

ಆಮೇಲೆ ನಾವು ಚಂದಾಪುರಕ್ಕೆ ಬಂದು, ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ನಮ್ಮದೇ ಸಣ್ಣ ಸಭೆ ಕಟ್ಟಿದೆವು. ಎಲ್ಲಾ ಚೆನ್ನಾಗಿಯೇ ಇತ್ತು. ಕಳೆದ ವರ್ಷ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕೆ ಸೇರಿದ್ದ ನಮ್ಮ ಒಬ್ಬಳೇ ಮಗಳು ಬೆಳಿಗ್ಗೆ ತಿಂಡಿ ತಿನ್ನುತ್ತಾ, ‘ಅಮ್ಮಾ, ನಂಗೆ ನಂಬಿಕೆ ಇಲ್ಲ. ಇನ್ಮೇಲೆ ಸಭೆಗೆ ಬರಲ್ಲ. ಅಲ್ಲಿ ಕೂತ್ಕೊಂಡು ನಾಟಕ ಮಾಡೋಕಾಗಲ್ಲ’ ಅಂದಳು. ಅವಳಪ್ಪ ಎದ್ದು ಕೈತೊಳೆದರು. ನನಗೆ ಅವಳ ಆತ್ಮಕ್ಕಿಂತ ಮೊದಲು ನೆನಪಾದದ್ದು ಸಭೆಯವರ ಬಾಯಿ. ಸ್ವಂತ ಮಗಳನ್ನು ಉಳಿಸಿಕೊಳ್ಳಲಾರದವನು ಊರಿಗೇನು ಬೋಧಿಸುತ್ತಾನೆ ಅಂದುಬಿಟ್ಟರೆ, ಅಷ್ಟು ವರ್ಷದ ಸೇವೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ‘ಬರದಿದ್ರೆ ಬಿಡು’ ಅಂದೆ, ‘ಭಾನುವಾರನೂ ಶಿಫ್ಟ್ ಅಂತ ಹೇಳ್ತೀನಿ. ಐಡಿ ಕಾರ್ಡ್ ಹಾಕ್ಕೊಂಡು, ಆರಾಧನೆ ಮುಗಿಯೋವರೆಗೂ ಎಲ್ಲಾದ್ರೂ ಹೋಗಿರು.’ ಅವಳು ಹಾಗೇ ಮಾಡತೊಡಗಿದಳು. ಗೆಳತಿಯ ಮನೆಗೆ ಹೋಗುತ್ತಿರಬೇಕು ಅಂದುಕೊಂಡೆ. ಕೇಳಲಿಲ್ಲ.

ಇದೇ ಹೊತ್ತಿಗೆ ಒಬ್ಬಳು ನನ್ನ ಬೆನ್ನು ಬಿದ್ದಳು. ರಾಯಚೂರು ಕಡೆಯವಳು, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ, ಸಭೆಗೆ ಹೊಸಬಳು. ಬುಧವಾರ ಹೆಂಗಸರ ಕೂಟ ಮುಗಿದು ಎಲ್ಲರೂ ಮೆಟ್ಟಿಲಿಳಿದ ಮೇಲೆ, ಚಾಪೆ ಸುತ್ತುವ ನೆಪದಲ್ಲಿ ಹಿಂದೆ ಉಳಿಯುವಳು.

‘ಅಮ್ಮಾರ, ಎಲ್ಲಾರಿಗೂ ನೀವು ಪ್ರಾರ್ಥನಿ ಮಾಡ್ತೀರಿ. ನಿಮ್ದೇನರ ವಿಷಯ ಐತೇನ್ರಿ?’

ಒಂದು ವಾರ ಕೇಳಿದ್ದರೆ ಸರಿ. ಪ್ರತಿ ವಾರವೂ ಅದೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದು. ಇವಳಿಗೆ ಏನೋ ವಾಸನೆ ಹತ್ತಿದೆ ಅನ್ನಿಸಿತು. ವಿಚಾರಿಸಿದೆ. ಫ್ಯಾಕ್ಟರಿಯಲ್ಲಿ ಇವಳ ಪಕ್ಕದ ಮಿಷನ್ನಿನಲ್ಲಿ ಕೂರುವವಳು ನಮ್ಮ ಸಭೆಯ ದೊಡ್ಡ ಬಾಯಿಬಡುಕಿ. ಸರಿ, ಲೆಕ್ಕ ಸಿಕ್ಕಿತು. ಇಲ್ಲಿ ಕೇಳಿದ್ದು ಅಲ್ಲಿಗೆ ಹೋಗುತ್ತದೆ.

ಹಿಡಿದುಹಾಕಬೇಕು ಅಂತಲೇ ಮುಂದಿನ ಬುಧವಾರ ಒಂದು ಸುಳ್ಳು ಬಿಟ್ಟೆ. ‘ಮೊಣಕಾಲು ನೋವು ಕಣಮ್ಮ. ಮೆಟ್ಟಿಲು ಹತ್ತೋಕಾಗ್ತಿಲ್ಲ. ಯಾರಿಗೂ ಹೇಳ್ಬೇಡ.’ ನಾನೋ ಗುಂಡುಕಲ್ಲಿನ ಹಾಗಿದ್ದೆ. ಈ ಮೊಣಕಾಲು ಯಾರ ಬಾಯಿಂದ ತಿರುಗಿ ಬರುತ್ತದೆ ನೋಡೋಣ ಅಂತ ಕಿವಿ ನೆಟ್ಟಗೆ ಮಾಡಿ ಕಾದೆ. ಅವಳ ಎದುರು ಕುಂಟಿಕೊಂಡೂ ನಡೆದೆ. ಒಮ್ಮೆ ಎಡಗಾಲೋ ಬಲಗಾಲೋ ನನಗೇ ಮರೆತುಹೋಯಿತು. ಒಂದು ತಿಂಗಳಾಯಿತು, ಎರಡು ತಿಂಗಳಾಯಿತು, ಯಾರೂ ಮೊಣಕಾಲಿನ ಮಾತೆತ್ತಲಿಲ್ಲ. ನನ್ನ ಸಂಶಯ ಆಗಲೂ ಇಳಿಯಲಿಲ್ಲ. ಭಾರೀ ಗಟ್ಟಿಗಿತ್ತಿ, ದೊಡ್ಡ ಸುದ್ದಿಗೇ ಕಾಯುತ್ತಿದ್ದಾಳೆ ಅಂದುಕೊಂಡೆ.

ಆಮೇಲೆ ಒಂದು ಶನಿವಾರ ಆ ಬಾಯಿಬಡುಕಿಯೇ ಮನೆಗೆ ಬಂದಳು. ‘ಅಕ್ಕ, ಆ ರಾಯಚೂರವಳಿಗೆ ಸ್ವಲ್ಪ ಬುದ್ಧಿ ಹೇಳಿ. ಶುಕ್ರವಾರ ಬಂದ್ರೆ ಊಟದ ಡಬ್ಬೀನೇ ತೆಗೆಯಲ್ಲ. ನಿನ್ನೆ ಮಿಷನ್ ಮುಂದೆನೇ ತಲೆ ತಿರುಗಿ ಬಿದ್ಬಿಟ್ಲು. ಯಾರಿಗೋ ಕಾಲು ನೋವಂತೆ, ಅದಕ್ಕೆ ಉಪವಾಸ ಅಂತೆ. ಯಾರಿಗೆ ಅಂದ್ರೆ ಬಾಯಿ ಬಿಡಲ್ಲ. ನಾನು ಎಷ್ಟು ಕೇಳ್ದೆ ಗೊತ್ತಾ!’

ಅವಳು ಎಷ್ಟು ಕೇಳಿರುತ್ತಾಳೆ ಅಂತ ನನಗೆ ಚೆನ್ನಾಗಿ ಗೊತ್ತು.

ಸಂಜೆ ರಾಯಚೂರವಳ ಬಾಡಿಗೆ ರೂಮಿಗೆ ಹೋದೆ. ಜೋಳದ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡವಳೇ ಎದ್ದು, ‘ಮೊಣಕಾಲು ಇಟ್ಕೊಂಡು ಯಾಕ ಬರಾಕ ಹೋದ್ರಿ’ ಅಂದಳು. ನಿಂತಲ್ಲೇ ಹೇಳಿಬಿಟ್ಟೆ. ‘ನೋವಿರ್ಲಿಲ್ಲ ಕಣಮ್ಮ. ನಿನ್ನ ಪರೀಕ್ಷೆ ಮಾಡೋಕೆ ಸುಳ್ಳು ಹೇಳ್ದೆ. ತಪ್ಪಾಯ್ತು.’

ಅವಳು ಹಂಚಿನ ಕಡೆ ತಿರುಗಿ ಕೂತಳು. ರೊಟ್ಟಿ ತಿರುವಿ ಹಾಕಿದಳು. ‘ಒಂಬತ್ತು ಶುಕ್ರವಾರ ಆತ್ರೀ’ ಅಂದಳು. ಅವಳಿಗೆ ಸಿಟ್ಟು ಬಂದಿತ್ತು, ಬರಬೇಕಾದದ್ದೇ. ನಾನು ನೆಲಕ್ಕೆ ಕೂತು ಮಗಳ ವಿಷಯ ಹೇಳಲು ಬಾಯಿ ತೆರೆದೆ. ಅವಳು ನಡುವೆಯೇ ತಡೆದಳು.

‘ಅದು ಗೊತ್ತೈತ್ರಿ. ಬಸ್ ಸ್ಟಾಪಿನ್ಯಾಗ ಕುಂತಿರ್ತಾಳ. ನಾ ಐತವಾರ ಬರೂ ಮುಂದನೂ ಅಲ್ಲೇ, ಹೋಗೂ ಮುಂದನೂ ಅಲ್ಲೇ. ಬಸ್ಸು ಬಂದ್ರ ಹತ್ತಂಗಿಲ್ಲ. ನೀವಾಗೇ ಹೇಳಿದ್ರ ನಿಮಗ ಹಗುರಾಗ್ತೈತಿ ಅಂತ ವಾರವಾರ ಕೇಳ್ತಿದ್ದೆ.’ ರೊಟ್ಟಿ ಇಳಿಸಿ ಅಂದಳು: ‘ನನ್ನ ಉಪವಾಸ ಇರ್ಲಿ ಬಿಡ್ರಿ. ಆ ಹುಡುಗೀನ ಬಿಸಲಾಗ ಕುಂಡ್ರಸಬ್ಯಾಡ್ರಿ.’

ಗೆಳತಿಯ ಮನೆಯೂ ಇಲ್ಲ, ಏನೂ ಇಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಮಗಳಿಗೆ, ‘ಇವತ್ತು ಎಲ್ಲಿಗೂ ಹೋಗ್ಬೇಡ, ಮನೇಲಿರು’ ಅಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಯಾಕೆ? ನಂಗೆ ಬುದ್ಧಿ ಹೇಳೋಕೆ ಯಾರನ್ನಾದ್ರೂ ಮನೆಗೆ ಕರ್ದಿದ್ದೀಯಾ?’ ಇಲ್ಲ ಅಂದೆ. ನಂಬಲಿಲ್ಲ. ನನ್ನ ಮಗಳಲ್ಲವೇ, ಯಾಕೆ ನಂಬುತ್ತಾಳೆ? ಕಾರ್ಡು ಕೊರಳಿಗೆ ಹಾಕಿಕೊಂಡು, ಬ್ಯಾಗು ತಗೊಂಡು ಹೊರಟುಹೋದಳು.

ಆರಾಧನೆಗೆ ಅರ್ಧ ಗಂಟೆ ಇತ್ತು. ಹಾಡು ಶುರು ಮಾಡಬೇಕಾದವಳು ನಾನು. ‘ನೀವೇ ಶುರು ಮಾಡಿಸಿ’ ಅಂತ ಗಂಡನಿಗೆ ಹೇಳಿ ಬಸ್ ಸ್ಟಾಪಿಗೆ ನಡೆದೆ. ಮಗಳು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತೆ. ಅವಳು ಸರಿದು ಜಾಗ ಕೊಟ್ಟಳು.

ಆಗಲೇ ಎದುರು ನಿಂತ ಬಸ್ಸಿನಿಂದ ಆ ಬಾಯಿಬಡುಕಿ ಇಳಿದಳು, ಜೊತೆಗೆ ಸಭೆಯ ಇನ್ನಿಬ್ಬರು ಹೆಂಗಸರು. ‘ಅಯ್ಯೋ ಅಕ್ಕ, ನೀವಿಲ್ಲಿ! ಮಗಳಿಗೆ ಇವತ್ತೂ ಶಿಫ್ಟಾ?’

ಸ್ತೋತ್ರ ಅನ್ನುವ ಮಾತು ಅಭ್ಯಾಸದಿಂದ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

‘ಶಿಫ್ಟ್ ಇಲ್ಲ. ಯಾವತ್ತೂ ಇರ್ಲಿಲ್ಲ. ಅವಳಿಗೆ ಸಭೆಗೆ ಬರೋಕೆ ಮನಸ್ಸಿಲ್ಲ. ಹೊರಗೆ ಕೂರಿಸಿದ್ದು ನಾನು’ ಅಂದೆ.

ಮೂವರೂ ಮೆಲ್ಲನೆ ಮುಂದೆ ಹೋದರು. ಮಗಳು ಇನ್ನೂ ಅನುಮಾನದಿಂದಲೇ ನನ್ನ ಮುಖ ನೋಡುತ್ತಿದ್ದಳು. ಕೊನೆಗೆ ಅಂದಳು, ‘ಅಮ್ಮಾ, ಮನೆಗೆ ಹೋಗ್ಲಾ?’