ಉಪ್ಪಾದ ಸಾರಿಗೆ ನೋಟರಿ ಮೊಹರು

2023ರ ಜೂನ್ ತಿಂಗಳು. ಶಿರಸಿಯಲ್ಲಿ ವಕೀಲಿ ಶುರುಮಾಡಿ ನನಗಾಗ ಮೂವತ್ತೊಂದು ವರ್ಷ, ನೋಟರಿಯಾಗಿ ಹದಿನೇಳು ವರ್ಷ ಆಗಿತ್ತು. ನೋಟರಿ ಎಂದರೆ ಸೀಲು ಹೊಡೆಯುವವರು ಎಂದಷ್ಟೇ ಬಹಳ ಜನರ ತಿಳಿವಳಿಕೆ. ಆದರೆ ಜೆರಾಕ್ಸ್ ಪ್ರತಿಯನ್ನು ಮೂಲ ಕಾಗದದ ಜೊತೆ ಸಾಲು ಸಾಲಾಗಿ ತಾಳೆ ನೋಡಿ ‘ನಿಜಪ್ರತಿ’ ಎಂದು ದೃಢೀಕರಿಸುವುದು, ಅಫಿಡವಿಟ್ ಮಾಡುವವರಿಂದ ಎದುರಿಗೇ ಸಹಿ ಹಾಕಿಸಿಕೊಳ್ಳುವುದು, ಅನುವಾದ ಸರಿಯಿದೆ ಎಂದು ಹೊಣೆ ಹೊರುವುದು ಇವೆಲ್ಲ ನಮ್ಮ ಕೆಲಸ. ವಿದೇಶಕ್ಕೆ ಹೋಗುವವರ ಕಾಗದಗಳು ತಿಂಗಳಿಗೆ ನಾಲ್ಕಾರು ಬರುತ್ತಿದ್ದವು. ಜನನ ಪ್ರಮಾಣಪತ್ರ, ವಿವಾಹ ನೋಂದಣಿ, ಪೊಲೀಸರ ನಿರಾಕ್ಷೇಪಣೆ ಪತ್ರ. ಹತ್ತು ನಿಮಿಷದ ಕೆಲಸ. ಶ್ರೀಪಾದನ ಕಾಗದ ಮಾತ್ರ ಇಪ್ಪತ್ತಮೂರು ದಿನ ತೆಗೆದುಕೊಂಡಿತು.

ಶ್ರೀಪಾದ ಸಿದ್ದಾಪುರ ಕಡೆಯ ಅಡುಗೆಯವನು, ನಲವತ್ತೊಂದರ ಪ್ರಾಯ. ತೋಟ ಗದ್ದೆ ಇಲ್ಲ, ಕೈಗುಣವೇ ಆಸ್ತಿ. ಇಲ್ಲಿಯ ಮದುವೆಯೊಂದರಲ್ಲಿ ಅವನ ಅಡುಗೆ ಉಂಡವರೊಬ್ಬರು ನ್ಯೂಜಿಲೆಂಡಿನಲ್ಲಿ ಸಸ್ಯಾಹಾರಿ ರೆಸ್ಟೋರೆಂಟ್ ನಡೆಸುತ್ತಿದ್ದರು. 2019ರ ಕೊನೆಯಲ್ಲಿ ಅವನನ್ನು ಕರೆಸಿಕೊಂಡರು. ಆಮೇಲೆ ಹೆಂಡತಿ ಮಗಳೂ ಹೋದರು. ಕೆಲಸದ ವೀಸಾಕ್ಕೆ ಮಾಲೀಕರ ಪತ್ರ ಸಾಕಾಗಿತ್ತು. ಅದರ ಅವಧಿ ಮುಂದಿನ ಫೆಬ್ರವರಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಕಾಯಂ ನೆಲೆಗೆ, ಅಂದರೆ ಅಲ್ಲಿಯೇ ಇರುವ ಹಕ್ಕಿಗೆ, ಅರ್ಜಿ ಹಾಕಬೇಕು. ಅದಕ್ಕೆ ಅಲ್ಲಿಗೆ ಹೋಗುವ ಮುಂಚೆಯೇ ಮೂರು ವರ್ಷದಷ್ಟು ಅಡುಗೆಯ ಕೆಲಸ ಮಾಡಿದ್ದಕ್ಕೆ ಪುರಾವೆ ಕೊಡಬೇಕಿತ್ತು. ನಾಲ್ಕು ವಾರದ ರಜೆ ಹಾಕಿ ಅದನ್ನು ಹುಡುಕಲಿಕ್ಕೆಂದೇ ಬಂದಿದ್ದ.

ಅವನ ಅವಸರಕ್ಕೆ ಕಾರಣ ಮಗಳು. ಒಂಬತ್ತು ವರ್ಷದ ಹುಡುಗಿಗೆ ಹುಟ್ಟಿನಿಂದ ಕಿವಿ ಮಂದ. ಇಲ್ಲಿದ್ದಾಗ ಎರಡು ಮೂರು ಶಬ್ದದ ಮೇಲೆ ಮಾತು ಹೊರಡುತ್ತಿರಲಿಲ್ಲವಂತೆ. ಅಲ್ಲಿಯ ಶಾಲೆಯಲ್ಲಿ ಅವಳಿಗೆಂದೇ ಒಬ್ಬ ಶಿಕ್ಷಕಿ ಕುಳಿತು ಮಾತು ಕಲಿಸುತ್ತಿದ್ದರು. ಅರ್ಜಿ ಬಿದ್ದುಹೋದರೆ ಆ ಕಲಿಕೆ ಅರ್ಧಕ್ಕೇ ನಿಲ್ಲುತ್ತಿತ್ತು.

ಮೊದಲ ದಿನ ಅವನು ಮೇಜಿನ ಮೇಲಿಟ್ಟ ಕಾಗದ ನೋಡಲು ಚೆನ್ನಾಗಿತ್ತು. ದೂರದ ಊರಿನ ಹೋಟೆಲೊಂದರ ಲೆಟರ್‌ಹೆಡ್. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಇವರು ನಮ್ಮಲ್ಲಿ ಮುಖ್ಯ ಅಡುಗೆಯವರಾಗಿದ್ದರು ಎಂಬ ಒಕ್ಕಣೆ. ಕೆಳಗೆ ಸಹಿ, ಸೀಲು. ಯಾರೋ ನೆಂಟರ ಪೈಕಿಯವರು ಉಪಕಾರಕ್ಕೆಂದು ಬರೆದುಕೊಟ್ಟದ್ದು. ಅದರ ನಿಜಪ್ರತಿ ಮಾಡಿಕೊಡಿ ಎಂದ. ನಾನು ಕನ್ನಡಕ ತೆಗೆದು ಅವನ ಮುಖ ನೋಡಿದೆ.

“ಈ ಮೂರು ವರ್ಷ ನೀನು ಹೋಟೆಲಲ್ಲಿ ಇದ್ದಿದ್ರೆ, ನಮ್ಮನೆ ಉಪನಯನಕ್ಕೆ ಅಡಿಗೆ ಮಾಡಿದ್ದು ಯಾರಾ?”

ಅವನು ತಲೆ ತಗ್ಗಿಸಿದ. ಆಗ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. “ಅಕ್ಕಾ, ಖರೆ ಹೇಳಲೆ ಎನ್ನ ಹತ್ರ ಒಂದು ಕಾಗದನೂ ಇಲ್ಲೆ. ಸುಳ್ಳಿಗಾದ್ರೆ ಲೆಟರ್‌ಹೆಡ್ ಇದ್ದು.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಆ ಮಾತಿಗೆ ಸಿಟ್ಟು ಮಾಡಲಾಗಲಿಲ್ಲ. ಮನೆ ಮನೆಗೆ ಹೋಗಿ ಅಡುಗೆ ಮಾಡುವವನಿಗೆ ನೇಮಕದ ಆದೇಶ ಯಾರು ಕೊಡುತ್ತಾರೆ? ಹಾಗೆಂದು ಆ ಪತ್ರಕ್ಕೆ ನನ್ನ ಮೊಹರು ಬೀಳುವುದು ಸಾಧ್ಯವಿರಲಿಲ್ಲ. ಸುಳ್ಳು ಸಿಕ್ಕಿಬಿದ್ದರೆ ಅರ್ಜಿ ಹೋಗುವುದಷ್ಟೇ ಅಲ್ಲ, ಮತ್ತೆಂದೂ ಆ ದೇಶದ ಬಾಗಿಲು ತೆರೆಯಲಿಕ್ಕಿಲ್ಲ ಎಂದು ವಿವರಿಸಿ ಕಾಗದ ಹಿಂದಿರುಗಿಸಿದೆ. ಬೇಸರದಿಂದಲೇ ಎದ್ದುಹೋದ. ಇಡೀ ಶಿರಸಿಯಲ್ಲಿ ನೀವೊಬ್ಬರೇ ನೋಟರಿಯೇ ಎಂದು ಮೆಟ್ಟಿಲಿಳಿಯುವಾಗ ಗೊಣಗಿದ್ದೂ ಕೇಳಿಸಿತು. ಮರುದಿನ ಬೆಳಿಗ್ಗೆ ಹತ್ತಕ್ಕೆ ಮತ್ತೆ ನನ್ನ ಬಾಗಿಲಲ್ಲೇ ನಿಂತಿದ್ದ.

ನನಗೆ ತೋಚಿದ ದಾರಿ ಅಫಿಡವಿಟ್. ಅವನಿಂದ ಅಡುಗೆ ಮಾಡಿಸಿದ ಮನೆಯವರು ಬಂದು ಪ್ರಮಾಣ ಮಾಡಿ ಬರೆದುಕೊಡಲಿ ಎಂದೆ. ಆದರೆ ನ್ಯೂಜಿಲೆಂಡಿನ ವಲಸೆ ಸಲಹೆಗಾರರು ಫೋನಿನಲ್ಲಿ ತಣ್ಣೀರೆರಚಿದರು. ಈಗ ಕುಳಿತು ಬರೆದದ್ದಕ್ಕೆ ತೂಕ ಕಡಿಮೆ, ಕೆಲಸ ನಡೆದ ಕಾಲದಲ್ಲೇ ಹುಟ್ಟಿದ ಕಾಗದ ಬೇಕು ಎಂದರು. ಅಂಥದ್ದು ಎಲ್ಲಿಂದ ತರುವುದು? ಆಗಲೇ ಬರಹೇಳಿದ್ದವರನ್ನು ಬೇಡ ಎನ್ನಲಾಗದೆ ಅಫಿಡವಿಟ್ ಕೆಲಸ ಮುಂದುವರಿಸಿದೆ. ಮೊದಲು ಬಂದವರು ಹೆಗಡೆಕಟ್ಟಾದ ಭಾಗೀರಥಕ್ಕ. ಎಪ್ಪತ್ತೆರಡರ ಹೆಂಗಸು, ಬಸ್ಸಿಳಿದು ಒಬ್ಬರೇ ನಡೆದು ಬಂದಿದ್ದರು. ಅವರ ಮನೆಯ ನಾಲ್ಕು ಕಾರ್ಯಗಳಿಗೆ ಶ್ರೀಪಾದ ಅಡುಗೆ ಮಾಡಿದ್ದ. ತಾರೀಖು ಕೇಳಿದರೆ ನಾಲ್ಕನ್ನೂ ತಡವರಿಸದೆ ಹೇಳಿದರು. ಇಷ್ಟು ಖಚಿತವಾಗಿ ಹೇಗೆ ನೆನಪಿದೆ ಎಂದು, ವಕೀಲರ ಹಾಳು ಅಭ್ಯಾಸ, ಪಾಟೀಸವಾಲು ಹಾಕಿದೆ. ಅವರು ಕೈಚೀಲದಿಂದ ದಾರ ಕಟ್ಟಿದ ಒಂದು ಕಟ್ಟು ತೆಗೆದರು. ಪ್ರತಿ ಕಾರ್ಯದ ಆಮಂತ್ರಣ ಪತ್ರಿಕೆ, ಅದಕ್ಕೆ ಗುಂಡುಸೂಜಿಯಿಂದ ಚುಚ್ಚಿದ ಒಂದೊಂದು ಯಾದಿ.

ಯಾದಿ ಎಂದರೆ ಸಾಮಾನಿನ ಪಟ್ಟಿ. ನಮ್ಮ ಕಡೆ ಮದುವೆ, ಉಪನಯನಕ್ಕೆ ವಾರವಿರುವಾಗ ಅಡುಗೆಯವನು ಮನೆಗೆ ಬಂದು, ಎಷ್ಟು ಜನ, ಯಾವ ಯಾವ ಅಡುಗೆ ಎಂದು ಕೇಳಿ, ಅಕ್ಕಿಯಿಂದ ಇಂಗಿನವರೆಗೆ ತಾನೇ ಬರೆದುಕೊಡುತ್ತಾನೆ. ಮೇಲೆ ತಾರೀಖು, ಊಟದ ಸಂಖ್ಯೆ. ಕಾರ್ಯ ಮುಗಿದ ಮೇಲೆ ಮನೆಯಾಕೆ ಅದರ ಅಂಚಿನಲ್ಲಿ ತನ್ನ ಷರಾ ಬರೆಯುತ್ತಾಳೆ. ಬೆಲ್ಲ ಐದು ಕಿಲೋ ಉಳಿಯಿತು, ಹಾಲು ಸಾಲಲಿಲ್ಲ, ಕೊನೆ ಪಂಕ್ತಿಗೆ ಮಾವಿನಕಾಯಿಯ ಅಪ್ಪೆಹುಳಿ ಇರಲಿಲ್ಲ ಎಂದು. ಯಾರ ಅಡುಗೆ, ಹೇಗಾಯಿತು ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸುವವರಿದ್ದಾರೆ. ನಾನೂ ಈ ಊರಿನವಳೇ, ನಮ್ಮ ಮನೆಯ ಕಪಾಟಿನಲ್ಲೂ ಇಂಥ ಕಟ್ಟು ಇದೆ. ಅದು ದಾಖಲೆ ಎಂದು ನನಗೆ ಹೊಳೆದಿರಲಿಲ್ಲ. ಇದನ್ನೆಲ್ಲ ಏಕೆ ಜೋಪಾನ ಮಾಡಿದಿರಿ ಎಂದು ಕೇಳಿದ್ದಕ್ಕೆ ಭಾಗೀರಥಕ್ಕ ನನ್ನ ಓದಿನ ಬಗ್ಗೆಯೇ ಅನುಮಾನ ಬಂದವರ ಹಾಗೆ ನೋಡಿದರು.

“ಬರ್ದು ಇಟ್ಕಳ್ದೇ ಹೋದ್ರೆ, ಮುಂದಿನ ಕಾರ್ಯಕ್ಕೆ ಎಷ್ಟು ಬೆಲ್ಲ ತರವು ಹೇಳಿ ಗೊತ್ತಾಗದು ಹ್ಯಾಂಗೆ ತಂಗೀ?”

ಅಂದು ಮಧ್ಯಾಹ್ನವೇ ಶ್ರೀಪಾದ ಬೈಕ್ ಹತ್ತಿದ. ಸಿದ್ದಾಪುರ, ಯಲ್ಲಾಪುರ, ಬನವಾಸಿ ರಸ್ತೆ ಎಂದು ಹನ್ನೊಂದು ದಿನ ಮಳೆಯಲ್ಲಿ ತಿರುಗಿದ. ಕೇಳಿದ ಮನೆಯವರೆಲ್ಲ ಅಟ್ಟ ಹತ್ತಿ, ಟ್ರಂಕ್ ತೆಗೆದು ಹುಡುಕಿಕೊಟ್ಟರು. ಕೊಟ್ಟವರೆಲ್ಲ ಒಂದೇ ಕರಾರು ಹಾಕಿದ್ದರು, ಮೂಲ ಪ್ರತಿ ತಪ್ಪದೆ ವಾಪಸು ಬರಬೇಕು. ಒಟ್ಟು ಎಂಬತ್ತೆಂಟು ಮನೆ, ನೂರ ನಲವತ್ತೆರಡು ಯಾದಿ. ಶಿರಸಿಯಲ್ಲಿ ಹಂಡೆ, ಶಾಮಿಯಾನ ಬಾಡಿಗೆ ಕೊಡುವ ರಫೀಕ್ ಸಾಹೇಬರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ತಂದರು. ಪಾತ್ರೆ ವಶಕ್ಕೆ ಪಡೆದ ಅಡುಗೆಯವನ ಸಹಿ ಅದರಲ್ಲಿತ್ತು. ಹಳೆಯವನ್ನು ಗೆದ್ದಲು ತಿಂದು ಕೊನೆಯ ಎರಡು ವರ್ಷದವು ಮಾತ್ರ ಉಳಿದಿದ್ದವು. ಅವರ ತಾರೀಖಿಗೂ ಯಾದಿಯ ತಾರೀಖಿಗೂ ಒಂದು ದಿನವೂ ವ್ಯತ್ಯಾಸವಿರಲಿಲ್ಲ.

ನಾನು ಮತ್ತು ನನ್ನ ಜೂನಿಯರ್ ಅನುವಾದಕ್ಕೆ ಕುಳಿತೆವು. ಅಪ್ಪೆಮಿಡಿ ಎಂಬ ಮಾವಿನ ಮಿಡಿಗೆ ಇಂಗ್ಲಿಷ್ ಹುಡುಕುತ್ತ ಒಂದು ಮಧ್ಯಾಹ್ನ ಕಳೆಯಿತು. ಕೊನೆಗೆ ಎಲ್ಲದರ ಹೆಸರನ್ನೂ ಹಾಗೇ ಇಟ್ಟು ಪಕ್ಕದಲ್ಲಿ ವಿವರಣೆ ಕೊಟ್ಟೆವು. ಒಂದು ಕಾರ್ಯ ಎಂದರೆ ಸರಾಸರಿ ಎರಡೂವರೆ ದಿನ, ದಿನಕ್ಕೆ ಹದಿನಾಲ್ಕು ಗಂಟೆಯ ಕೆಲಸ. ಅಲ್ಲಿಯ ಲೆಕ್ಕದಲ್ಲಿ ವಾರಕ್ಕೆ ಮೂವತ್ತು ಗಂಟೆಯಾದರೆ ಪೂರ್ಣಾವಧಿ ಉದ್ಯೋಗ. ಗಂಟೆಗಳನ್ನು ಕೂಡಿಸಿದಾಗ ಆರು ವರ್ಷದ ಸೌಟು ಮೂರು ವರ್ಷದ ಉದ್ಯೋಗವಾಗಿ ನಿಲ್ಲುತ್ತಿತ್ತು. ಆದರೆ ಒಂದು ತೊಡಕು. ಯಾದಿಯಲ್ಲಿ ಅಡುಗೆಯವನು ತನ್ನ ಹೆಸರು ಬರೆಯುವುದಿಲ್ಲ. ಅವನ ಹೆಸರಿದ್ದದ್ದು ಐವತ್ತೇಳರಲ್ಲಿ, ಅದೂ ಮನೆಯಾಕೆಯ ಷರಾದಲ್ಲಿ. ಉಳಿದವೂ ಅವನವೇ ಎನ್ನಲು ಆಯಾ ವರ್ಷದ ಹೆಸರಿದ್ದ ಯಾದಿಯ ಕೈಬರಹಕ್ಕೆ ಹೋಲಿಸಿ ತೋರಿಸಬೇಕಿತ್ತು. 2013ರಲ್ಲಿ, ಅವನು ಸ್ವಂತವಾಗಿ ಅಡುಗೆ ಹಿಡಿದ ಮೊದಲ ವರ್ಷದಲ್ಲಿ, ಹೆಸರಿದ್ದ ಯಾದಿ ಒಂದೇ ಒಂದು. ಭಾಗೀರಥಕ್ಕನ ಮನೆಯದು. ಅದರ ಅಂಚಿನಲ್ಲಿ ಹೀಗಿತ್ತು: ‘ಅಡಿಗೆ ಶ್ರೀಪಾದಂದು ಚೊಲೋ ಆತು, ಸಾರು ಉಪ್ಪಾತು.’

ಇದನ್ನು ಓದಿದ ಶ್ರೀಪಾದನ ಮುಖ ಬಾಡಿತು. ಅಂಚು ಬಿಟ್ಟು ಜೆರಾಕ್ಸ್ ತೆಗೆಯೋಣ ಎಂದ. ಅಡುಗೆಯವನ ಅರ್ಜಿಯಲ್ಲಿಯೇ ಸಾರು ಉಪ್ಪಾದದ್ದನ್ನು ಬರೆದು ಕಳಿಸುವವರುಂಟೇ ಎಂಬುದು ಅವನ ವಾದ. ತಪ್ಪಲ್ಲ, ಯಾರಾದರೂ ಹಾಗೇ ಹೇಳುತ್ತಿದ್ದರು. ಅರ್ಧ ಗಂಟೆ ಜಗಳವಾಯಿತು. ನಿಜಪ್ರತಿ ಎಂದರೆ ಮೂಲದಲ್ಲಿದ್ದ ಎಣ್ಣೆಯ ಕಲೆಯೂ ಪ್ರತಿಯಲ್ಲಿರಬೇಕು ಎಂದು ನಾನು ಪಟ್ಟು ಹಿಡಿದೆ. ಕೊನೆಗೆ ಕಾಗದವನ್ನು ಅವನ ಕೈಗೇ ಕೊಟ್ಟೆ.

“ಆ ಸಾಲು ತೆಗೆದ್ರೆ ನಿನ್ನ ಹೆಸರೂ ಹೋಗ್ತು, ನೋಡು.”

ಅವನು ಕಾಗದವನ್ನು ಮತ್ತೆ ಮೇಜಿನ ಮೇಲಿಟ್ಟ. ಇಡೀ ಹಾಳೆಯನ್ನು ಪ್ರತಿ ಮಾಡಿಸಿ, ಷರಾವನ್ನು ಅಕ್ಷರಶಃ ಅನುವಾದಿಸಿ ಮೊಹರು ಹಾಕಿದೆ. ಮೇಲಕ್ಕೆ ಗಟ್ಟಿಯಾಗಿ ಮಾತಾಡಿದರೂ ಒಳಗೆ ನನಗೂ ಅಳುಕಿತ್ತು. ನನ್ನ ಹಟಕ್ಕೆ ಆ ಹುಡುಗಿಯ ಶಾಲೆ ತಪ್ಪಿದರೆ ಎಂಬ ಯೋಚನೆ ಹೋಗಲಿಲ್ಲ.

ಅರ್ಜಿ ಸಲ್ಲಿಕೆಯಾಗಿ ಎರಡು ತಿಂಗಳಾದ ಮೇಲೆ ಭಾಗೀರಥಕ್ಕ ಹೇಳದೆ ಕೇಳದೆ ಕಚೇರಿಗೆ ಬಂದರು. ನ್ಯೂಜಿಲೆಂಡಿನ ಅಧಿಕಾರಿಯಿಂದ ಫೋನ್ ಬಂದಿತ್ತಂತೆ. ಕನ್ನಡ ಬಲ್ಲ ದುಭಾಷಿಯೊಬ್ಬರೂ ಲೈನಿನಲ್ಲಿದ್ದರಂತೆ. ನೂರ ನಲವತ್ತೆರಡು ಯಾದಿಯಲ್ಲಿ ಅಧಿಕಾರಿ ಹಿಡಿದದ್ದು 2013ರ ಆ ಒಂದನ್ನೇ. ಸಾರು ಉಪ್ಪಾಗಿದ್ದರೂ ಮತ್ತೆ ಮೂರು ಸಲ ಅದೇ ಅಡುಗೆಯವನನ್ನು ಏಕೆ ಕರೆದಿರಿ ಎಂದು ಕೇಳಿದರಂತೆ. ಏನು ಹೇಳಿದಿರಿ ಎಂದೆ.

“ಖರೆ ಹೇಳ್ದೆ. ಉಪ್ಪು ಎರಡ್ನೇ ಸಲ ಹಾಕಿದ್ದು ಆನು, ತಂಗೀ. ಅವಂಗೆ ಮರ್ತೋತು ಅಂದ್ಕಂಡಿದ್ದೆ.”

ನಮ್ಮಲ್ಲಿ ಕಾರ್ಯದ ಅಡುಗೆಯನ್ನು ದೇವರ ನೈವೇದ್ಯವಾಗುವ ತನಕ ಯಾರೂ ರುಚಿ ನೋಡುವಂತಿಲ್ಲ. ಅಡುಗೆಯವನೂ ಕೈ ಅಂದಾಜಿನಲ್ಲಿಯೇ ಉಪ್ಪು ಹಾಕಬೇಕು. ಆ ದಿನ ಶ್ರೀಪಾದ ಬೇರೆ ಒಲೆಯ ಬಳಿ ಇದ್ದಾಗ, ಕುದಿಯುತ್ತಿದ್ದ ಸಾರಿಗೆ ಭಾಗೀರಥಕ್ಕ ಒಂದು ಬೊಗಸೆ ಉಪ್ಪು ಹಾಕಿದ್ದರು. ತಪ್ಪು ಗೊತ್ತಾದದ್ದು ಮೊದಲ ಪಂಕ್ತಿ ಕೂತ ಮೇಲೆ. ಮನೆ ತುಂಬ ನೆಂಟರು, ಹೇಳಲು ಬಾಯಿ ಬರಲಿಲ್ಲ. ಯಾದಿಯಲ್ಲಿಯೂ ಅರ್ಧವನ್ನೇ ಬರೆದಿಟ್ಟರು. ಹತ್ತು ವರ್ಷ ಯಾರಿಗೂ ಹೇಳದ್ದನ್ನು ಮುಖ ಕಾಣದ ಅಧಿಕಾರಿಗೆ ಹೇಳಿದ್ದರು. ನನ್ನೆದುರು ಕೂತು ಕಣ್ಣೊರೆಸಿಕೊಂಡರು. ಎಷ್ಟು ಹಗುರಾಯಿತೋ ಎಂದರು.

ಅಂದೇ ಶ್ರೀಪಾದನಿಗೆ ಫೋನ್ ಮಾಡಿದೆ. ಅವರು ಉಪ್ಪು ಹಾಕುವುದನ್ನು ಅವನು ದೂರದಿಂದ ಕಂಡಿದ್ದನಂತೆ. ತಡೆಯುವಷ್ಟರಲ್ಲಿ ಬಿದ್ದಾಗಿತ್ತು. ನನ್ನ ಜೊತೆ ಅಷ್ಟು ಜಗಳವಾಡಿದಾಗಲೂ ಈ ಮಾತನ್ನು ಅವನು ಎತ್ತಿರಲಿಲ್ಲ. ಏಕೆ ಹೇಳಲಿಲ್ಲ ಎಂದು ಗದರಿದೆ.

“ಹಂಡೆ ಎನ್ನದು ಅಕ್ಕಾ. ಉಪ್ಪು ಯಾರೇ ಹಾಕಿದ್ರೂ ಸಾರು ಎನ್ನದೇಯ.”

ಡಿಸೆಂಬರ್‌ನಲ್ಲಿ ಮಂಜೂರಾತಿ ಬಂತು. ಸುದ್ದಿ ಹೇಳಲು ಫೋನ್ ಮಾಡಿದವನು ಮೊದಲು ಮಗಳ ಕೈಗೆ ಕೊಟ್ಟ. “ಅಜ್ಜೀ, ಎಂಗ ಇಲ್ಲೇ ಇರ್ತ” ಎಂದು ಹುಡುಗಿ ಒಂದೊಂದೇ ಶಬ್ದ ಬಿಡಿಸಿ ಹೇಳಿದಳು. ನಾವು ಇಲ್ಲೇ ಇರುತ್ತೇವೆ ಎಂಬ ಆ ಮಾತಿನ ಅಕ್ಷರಗಳು ಅಲ್ಲಲ್ಲಿ ಜಾರಿದರೂ ನನಗೆ ಪೂರ್ತಿ ಅರ್ಥವಾಯಿತು.

ಅಟ್ಟ ಹತ್ತಿದ ಆ ಎಂಬತ್ತೆಂಟು ಮನೆಯ ಹೆಂಗಸರಿಗೆ, ಕೇಳುವ ಮೊದಲೇ ಪುಸ್ತಕ ಹೊತ್ತು ತಂದ ರಫೀಕ್ ಸಾಹೇಬರಿಗೆ ಶ್ರೀಪಾದನಷ್ಟೇ ನಾನೂ ಋಣಿ. ಕಾಗದ ಇಲ್ಲ ಎಂದು ಬಂದವರನ್ನು ಈಗ ನಾನು ಬರಿಗೈಯಲ್ಲಿ ಕಳಿಸುವುದಿಲ್ಲ. ನಿಮ್ಮಿಂದ ಕೆಲಸ ಮಾಡಿಸಿಕೊಂಡವರ ಮನೆಯಲ್ಲಿ ಏನಿದೆ, ಮೊದಲು ನೋಡಿಬನ್ನಿ ಎನ್ನುತ್ತೇನೆ. ಆದರೆ ಈ ಪ್ರಕರಣ ನನಗೆ ಕಲಿಸಿದ ದೊಡ್ಡ ಪಾಠ ಅದಲ್ಲ. ಅವಸರದಲ್ಲಿ ಪೂರ್ತಿ ತಾಳೆ ನೋಡದೆ ನಾನೂ ಎಷ್ಟೋ ಸಲ ಮೊಹರು ಒತ್ತಿದ್ದೇನೆ. ತಪ್ಪು ಹೊರಬಿದ್ದಾಗ ಜೂನಿಯರ್ ಟೈಪು ಮಾಡಿದ್ದು, ಪಕ್ಷಗಾರರು ಕೊಟ್ಟದ್ದು ಎಂದು ಜಾರಿಕೊಂಡಿದ್ದೇನೆ. ಮೂವತ್ತು ವರ್ಷದ ಕಾನೂನು ಪುಸ್ತಕಗಳು ನನ್ನನ್ನು ಅದರಿಂದ ಬಿಡಿಸಿರಲಿಲ್ಲ. ಈಗ ಯಾರು ಟೈಪು ಮಾಡಿದ್ದರೂ ಕೊನೆಯ ಸಾಲಿನವರೆಗೆ ಓದುತ್ತೇನೆ, ತಪ್ಪಾದರೆ ನನ್ನದು ಎನ್ನುತ್ತೇನೆ. ಅದನ್ನು ಕಲಿಸಿದ್ದು ಸಿದ್ದಾಪುರದ ಒಬ್ಬ ಅಡುಗೆಯವನು.