ಬಚ್ಚಿಟ್ಟ ಡಬ್ಬಿಗೆ ಶುಲ್ಕ

ನಂಬಲ್ಲ ಅನ್ನೋರು ನಮ್ಮೂರು ಜಂಗಮಕೋಟೆಗೆ ಬನ್ನಿ, ರಸೀದಿ ತೋರಿಸ್ತೀನಿ. ಜಿಯೋಕ್ಯಾಶ್ ಅಂದ್ರೆ ಒಂದು ಡಬ್ಬಿ ಬಚ್ಚಿಟ್ಟು ಅದರ ಸುಳಿವನ್ನು ಮೊಬೈಲ್ ಆ್ಯಪಿಗೆ ಹಾಕೋದು, ಆಟ ಆಡೋರು ಬಂದು ಹುಡುಕೋದು. ಬಚ್ಚಿಡೋದರಲ್ಲಿ ನನ್ನನ್ನು ಮೀರಿಸೋನು ಈ ಸೀಮೆಯಲ್ಲೇ ಇಲ್ಲ.

ನಮ್ಮೂರು ದಾಟಿದ ಮೇಲೆ ಸಿಗೋ ಪೇಟೆಯ ಪಾರ್ಕಿನಲ್ಲಿ ಡಬ್ಬಿ ಇಟ್ಟರೆ ಶುಲ್ಕ ಕಟ್ಟಬೇಕು ಅಂದರು ಪುರಸಭೆಯವರು. ಸವಾಲು ಹಾಕಿ ಬೆಂಗಳೂರಿನಿಂದ ಕರೆಸಿದ್ದ ನಾಲ್ವರು ಆಟಗಾರರು ಆಗಲೇ ಬಸ್ಸು ಹತ್ತಿದ್ದರು. ಪುರಸಭೆಯ ಕೌಂಟರಿನ ಮುಂದೆ ನಿಂತಲ್ಲಿ ನಿಲ್ಲಲಾರದೆ ಒದ್ದಾಡುತ್ತಿದ್ದೆ.

"ಎಲ್ಲಿಟ್ಟಿದ್ದೀಯಪ್ಪ?" ಅಂದರು ಗುಮಾಸ್ತರು.

"ಹೇಳಿದ್ರೆ ಆಟವೇ ಮುಗೀತು ಸಾರ್. ನೀವು ಇಡೀ ದಿನ ಹುಡುಕಿದ್ರೂ ಸಿಗಲ್ಲ!"

"ನಾನ್ಯಾಕಪ್ಪ ಹುಡುಕಲಿ? ಜಾಗ ಬರೀದೆ ರಸೀದಿ ಹರಿಯಲ್ಲ. ರಸೀದಿ ಇಲ್ದಿದ್ರೆ ಡಬ್ಬಿ ಎತ್ಕೊಂಡು ಹೋಗು."

ಅಷ್ಟರಲ್ಲಿ ಬಸ್ಸು ಜಂಗಮಕೋಟೆ ದಾಟಿತು ಅಂತ ಫೋನು ಬಂತು.

"ಕಲ್ಲುಬೆಂಚಿನ ಅಡಿಯಲ್ಲಿ ಅಂಟಿಸಿದ್ದೀನಿ ಸಾರ್," ಅಂದೆ, ಮೆಲ್ಲಗೆ.

"ಅಷ್ಟೇನಾ? ನನ್ನ ಮೊಮ್ಮಗನೂ ಚಪ್ಪಲಿ ಅಲ್ಲೇ ಬಚ್ಚಿಡ್ತಾನೆ ಕಣಯ್ಯ!" ಎಂದು ನಗುತ್ತಲೇ ಬರೆದುಕೊಂಡರು. "ತಡಿ, ಶುಲ್ಕ ಕಟ್ಟಿದ ಜಾಗಕ್ಕೆ ಬೋರ್ಡು ಹಾಕ್ಲೇಬೇಕು. ಅದು ರೂಲ್ಸು."

ಅವತ್ತು ನನಗೆ ಕೊಟ್ಟಿದ್ದು ಒಂದು ರಸೀದಿ, ಜೊತೆಗೆ 'ಡಬ್ಬಿ ಇಲ್ಲಿದೆ' ಅಂತ ಬಾಣದ ಗುರುತು ಹಾಕಿದ ಒಂದು ತಗಡಿನ ಬೋರ್ಡು.